ಕಾಯುವುದು

ನಮ್ಮ ಕನ್ನಡದಲ್ಲಿ 'ಕಾಯುವುದು' ಎಂಬ ಮಾತಿಗೆ ಅರ್ಥ ಒಂದೆರಡಲ್ಲ. ಒಲೆಯ ಮೇಲೆ ನೀರು ಕಾಯುತ್ತದೆ. ಜ್ವರ ಬಂದವರ ಮೈ ಕಾಯುತ್ತದೆ. ಬಸ್ಸು ಬರಲಿಲ್ಲವೆಂದು ನಾವು ಬೀದಿಯಲ್ಲಿ ನಿಂತು ಕಾಯುತ್ತೇವೆ. ಹುಡುಗ ದನ ಕಾಯುತ್ತಾನೆ, ಮುದುಕ ಹೊಲ ಕಾಯುತ್ತಾನೆ, ಎಲ್ಲರನ್ನೂ ದೇವರು ಕಾಯುತ್ತಾನೆ. ಇಷ್ಟು ಸಾಲದೆಂದು ಸಂಸ್ಕೃತದ 'ಕಾಯ'ವೂ ಬಂದು ಅದರ ಪಕ್ಕದಲ್ಲಿಯೇ ಕುಳಿತಿದೆ. ಅದಕ್ಕೆ ಮೈ ಎಂದರ್ಥ. ಬಿಸಿಯಾಗುವುದಕ್ಕೂ, ಎದುರು ನೋಡುವುದಕ್ಕೂ, ಕಾಪಾಡುವುದಕ್ಕೂ ನಾವು ಒಂದೇ ಮಾತನ್ನು ಇಟ್ಟುಕೊಂಡಿದ್ದೇವೆ ಎಂಬುದು ಅರವತ್ತು ವರ್ಷ ಕನ್ನಡವನ್ನೇ ಆಡಿಕೊಂಡು ಬಂದ ನನಗೆ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದ್ದು ನನ್ನ ಭಾವನವರ ಎದೆ.

ಅದು 2012ರ ಮಾಘಮಾಸ. ಮೈಸೂರಿನ ಛತ್ರವೊಂದರಲ್ಲಿ ನಮ್ಮ ಸೋದರತ್ತೆಯ ಮೊಮ್ಮಗಳ ಮದುವೆ. ಭಾವನವರು ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾಗಿದ್ದವರು. ಊಟದ ವಿಷಯದಲ್ಲಿ ಮಾತ್ರ ನಿವೃತ್ತಿಯನ್ನು ಒಪ್ಪದವರು. ಎರಡನೆಯ ಪಂಕ್ತಿಯಲ್ಲಿ ನನ್ನ ಬಲಗಡೆಯ ಎಲೆ ಅವರದು. ಹೋಳಿಗೆ ಬಂದಿತು. ತುಪ್ಪದ ಮಿಳ್ಳೆ ಹಿಡಿದಿದ್ದ ಹುಡುಗ ಮುಂದೆ ಹೋಗಿಬಿಟ್ಟಿದ್ದ. ಅವನನ್ನು ಕರೆಯಲು ಭಾವನವರು ಕೈ ಎತ್ತಿದರು. ಎತ್ತಿದ ಕೈ ಎಲೆಯ ಮೇಲೆ ಬಿದ್ದಿತು. ಹಿಂದೆಯೇ ಅವರೂ ಬಿದ್ದರು.

ಆಮೇಲೆ ನಡೆದದ್ದನ್ನು ನೆನೆದರೆ ಇಂದಿಗೂ ನಗುವೂ ನಾಚಿಕೆಯೂ ಒಟ್ಟಿಗೆ ಬರುತ್ತವೆ. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಒಬ್ಬರು ಮೂಗಿಗೆ ಈರುಳ್ಳಿ ಹಿಡಿಯಿರೆಂದರು. ಛತ್ರದ ಮ್ಯಾನೇಜರು ಬೀಗದ ಕೈಗೊಂಚಲನ್ನೇ ತಂದು ಅವರ ಮುಷ್ಟಿಗೆ ತುರುಕಿದರು. ನಾನೇನು ಮಾಡಿದೆ ಎಂದು ಕೇಳುವಿರಾ? ಅಂಗವಸ್ತ್ರದಿಂದ ಗಾಳಿ ಬೀಸಿದೆ! ಅಷ್ಟರಲ್ಲಿ ಗಂಡಿನ ಕಡೆಯ ಒಬ್ಬ ಹುಡುಗಿ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವಳೇ ನಮ್ಮನ್ನೆಲ್ಲ ಆಚೆಗೆ ತಳ್ಳಿ, ಭಾವನವರನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಎರಡು ಅಂಗೈಗಳನ್ನೂ ಇಟ್ಟು ಒತ್ತತೊಡಗಿದಳು. ಒತ್ತಿದ ರಭಸಕ್ಕೆ ಪಕ್ಕೆಲುಬು ಮುರಿದೀತೆಂದು ನಾನು ಹೆದರಿದೆ. ಮುರಿದದ್ದೂ ನಿಜವೇ, ಎರಡು ಮುರಿದಿದ್ದುವು. ಆಕೆ ನರ್ಸಿಂಗ್ ಕಲಿಯುತ್ತಿದ್ದವಳು ಎಂದು ಅನಂತರ ತಿಳಿಯಿತು. ಆಸ್ಪತ್ರೆಯ ಗಾಡಿ ಬರುವವರೆಗೆ, ಅಂದರೆ ಸುಮಾರು ಹತ್ತು ನಿಮಿಷ, ಆಕೆ ಕೈ ತೆಗೆಯಲಿಲ್ಲ. ಗಾಡಿಯವರು ವಿದ್ಯುತ್ತಿನ ಪೆಟ್ಟು ಕೊಟ್ಟರು. ಎರಡನೆಯ ಪೆಟ್ಟಿಗೆ ಹೃದಯ ಮತ್ತೆ ತನ್ನ ಕೆಲಸಕ್ಕೆ ಹಾಜರಾಯಿತು.

ಹೃದಯವೇನೋ ಬಂದಿತು, ಭಾವನವರು ಬರಲಿಲ್ಲ. ಕಣ್ಣು ತೆರೆಯಲಿಲ್ಲ, ಕರೆದರೆ ಓಗೊಡಲಿಲ್ಲ. ಆಸ್ಪತ್ರೆಯ ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು, "ಎದೆ ನಡೀತಾ ಇದೆ. ಮಿದುಳಿನ ವಿಷಯ ಈಗಲೇ ಹೇಳೋಕಾಗಲ್ಲ. ಕಾಯಬೇಕು. ಅಲ್ಲಿಯವರೆಗೆ ಅವರ ಮೈಯನ್ನು ತಣ್ಣಗೆ ಮಾಡಿ ಇಡ್ತೀವಿ, ಮೂವತ್ತಮೂರು ಡಿಗ್ರಿಗೆ," ಎಂದರು.

ಸೆಲ್ಸಿಯಸ್ಸಿನ ಲೆಕ್ಕ ನನ್ನ ತಲೆಗೆ ಬೇಗ ಹತ್ತುವುದಿಲ್ಲ. ಕೈಯಲ್ಲಿದ್ದ ಲಗ್ನಪತ್ರಿಕೆಯ ಹಿಂಬದಿಯಲ್ಲಿಯೇ ಗುಣಿಸಿ ಕೂಡಿದೆ. 91.4 ಬಂದಿತು. ನಮ್ಮ ಮನೆಯ ಪಾದರಸದ ಥರ್ಮಾಮೀಟರಿನಲ್ಲಿ ಅಂಥ ಅಂಕಿಯೇ ಇಲ್ಲ. ಅದು ಶುರುವಾಗುವುದೇ 94ರಿಂದ. ಅದಕ್ಕಿಂತ ಕೆಳಗಿರುವ ಮನುಷ್ಯನಿಗೆ ಥರ್ಮಾಮೀಟರಿನ ಅಗತ್ಯವಿಲ್ಲವೆಂದು ಅದನ್ನು ಮಾಡಿದವರು ತಿಳಿದಿದ್ದಿರಬೇಕು.

ಈ ಸಂಗತಿಯನ್ನು ಅಕ್ಕನಿಗೆ ಹೇಗೆ ಹೇಳುವುದು? ನಮ್ಮ ಮನೆಗಳಲ್ಲಿ ಬಿಸಿಯೆಂದರೆ ಜೀವ. ಬಾಣಂತಿಗೆ ಬಿಸಿನೀರು, ಮಗುವಿಗೆ ಕುಲಾವಿ, ಮುದುಕರಿಗೆ ಕಂಬಳಿ. 'ಮೈ ತಣ್ಣಗಾಯಿತು' ಎಂಬುದೋ, ಮನೆಯೊಳಗೆ ಆಡಬಾರದ ಮಾತು. ಕಟ್ಟಿಕೊಂಡ ಗಂಡನ ಮೈಯನ್ನು ಬೇಕೆಂದೇ ತಣ್ಣಗೆ ಮಾಡುತ್ತಾರೆಂದು ಯಾವ ಬಾಯಲ್ಲಿ ಹೇಳಲಿ? "ಡಾಕ್ಟರು ಏನೇನೋ ಮಾಡ್ತಾ ಇದಾರೆ, ಅಕ್ಕ," ಎಂದು ತೇಲಿಸಿಬಿಟ್ಟೆ. ನನ್ನ ಆ ಜಾಣತನಕ್ಕೆ ಅಕ್ಕ ಹತ್ತು ವರ್ಷ ದಂಡ ತೆತ್ತಳೆಂಬುದು ನನಗೆ ಆಮೇಲೆ ತಿಳಿಯಿತು.

ಅವರು ಮಾಡಿದ್ದು ಇಷ್ಟು. ಕಂಕುಳು, ಕತ್ತು, ತೊಡೆಸಂದುಗಳಲ್ಲಿ ಐಸಿನ ಚೀಲಗಳನ್ನು ಇಟ್ಟರು. ಮೈಯ ಕೆಳಗೂ ಮೇಲೂ ತಣ್ಣೀರು ಹರಿದಾಡುವ ಹೊದಿಕೆ ಹಾಕಿದರು. ಚಳಿಗೆ ನಡುಗುವುದು ಶರೀರದ ಧರ್ಮ. ನಡುಗಿದರೆ ಸ್ನಾಯುಗಳು ದುಡಿದು ಮತ್ತೆ ಬಿಸಿ ಹುಟ್ಟಿಸುತ್ತವೆ. ಆದುದರಿಂದ ನಿದ್ದೆ ಬರಿಸುವ ಔಷಧವನ್ನೂ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನೂ ಕೊಟ್ಟು, ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸಿದ್ದರು. ಹೀಗೆ ಇಪ್ಪತ್ತನಾಲ್ಕು ಗಂಟೆ. ಆಮೇಲೆ ಒಮ್ಮೆಗೇ ಬಿಸಿ ಮಾಡುವಂತಿಲ್ಲ. ಗಂಟೆಗೆ ಕಾಲು ಡಿಗ್ರಿಯಂತೆ, ಮದುವೆಯ ಹೆಣ್ಣು ಮಂಟಪಕ್ಕೆ ನಡೆಯುವ ಹಾಗೆ, ನಿಧಾನವಾಗಿ ಮೇಲಕ್ಕೆ ತರಬೇಕು. 33ರಿಂದ 37ಕ್ಕೆ ಬರಲು ಹದಿನಾರು ಗಂಟೆ ಹಿಡಿಯಿತು.

ಏತಕ್ಕೆ ಇದೆಲ್ಲ? ಹೃದಯ ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಇದು ನಮಗೆಲ್ಲ ಗೊತ್ತು. ನಮಗೆ ಗೊತ್ತಿಲ್ಲದ್ದು ಮುಂದಿನ ಕಥೆ. ರಕ್ತ ಮತ್ತೆ ಹರಿದ ಮೇಲೂ ಆ ಹಾನಿ ನಿಲ್ಲುವುದಿಲ್ಲ. ಉಸಿರು ಕಟ್ಟಿದ್ದ ಜೀವಕೋಶಗಳೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ, ಬೇಡದ ರಾಸಾಯನಿಕಗಳು ಹುಟ್ಟುತ್ತವೆ, ಮಿದುಳು ಊದಿಕೊಳ್ಳಬಹುದು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಈ ಕೇಡು ಒಳಗೊಳಗೇ ನಡೆಯುತ್ತಿರುತ್ತದೆ. ಬೂದಿ ಮುಚ್ಚಿದ ಕೆಂಡದ ಹಾಗೆ. ಆ ಹೊತ್ತಿನಲ್ಲಿ ಜ್ವರ ಬಂದರೆ ಕೆಂಡಕ್ಕೆ ಗಾಳಿ ಹಾಕಿದಂತೆ. ಮೈಯ ಬಿಸಿ ಒಂದು ಸೆಲ್ಸಿಯಸ್ ಡಿಗ್ರಿ ಇಳಿದರೆ ಮಿದುಳಿಗೆ ಬೇಕಾಗುವ ಪ್ರಾಣವಾಯು ಶೇಕಡಾ 6ರಿಂದ 7ರಷ್ಟು ಕಡಿಮೆಯಾಗುತ್ತದೆ. ಹಾಗಾದರೆ ತಣ್ಣಗಿಟ್ಟರೆ ಕೆಂಡ ಆರೀತಲ್ಲವೆ? ವೈದ್ಯರ ತರ್ಕ ಇದು. ಕೇಳುವುದಕ್ಕೂ ಚೆನ್ನಾಗಿದೆ.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ. ಅಂದು ಸಂಜೆ ಅಕ್ಕನಿಗೆ ತಿಳಿದದ್ದು ಇಷ್ಟೇ: ಐದು ನಿಮಿಷ ಒಳಗೆ ಹೋಗಿ ನೋಡಬಹುದು. ಹೋದಳು. ಎಲ್ಲಕ್ಕಿಂತ ಮೊದಲು ಪಾದ ಮುಟ್ಟಿ ನೋಡಿದಳು. ಆ ಪಾದದ ತಣ್ಣನೆಯನ್ನು ಆಕೆ ಹಿಂದೆ ಒಮ್ಮೆ ಮಾತ್ರ ಮುಟ್ಟಿದ್ದಳು, ನಮ್ಮ ಅಪ್ಪ ಹೋದ ದಿನ. ಮಾಘದ ಚಳಿಗೆಂದು ಮದುವೆಗೆ ಹೊದ್ದು ಬಂದಿದ್ದ ಬೂದುಬಣ್ಣದ ಉಣ್ಣೆಯ ಶಾಲು ಹೆಗಲ ಮೇಲಿತ್ತು. ನರ್ಸು ಪಕ್ಕದ ಮಂಚದ ಕಡೆ ತಿರುಗಿದ್ದಳು. ಅಕ್ಕ ಶಾಲನ್ನು ಬಿಚ್ಚಿ ಭಾವನವರ ಪಾದದಿಂದ ಎದೆಯವರೆಗೆ ಹೊದಿಸಿ, ಅಂಚುಗಳನ್ನು ಮಗುವಿಗೆ ಒತ್ತರಿಸುವ ಹಾಗೆ ಒತ್ತರಿಸಿ ನಿಂತಳು. ನಾಲ್ಕೈದು ನಿಮಿಷವಾಗಿರಬಹುದು. ನರ್ಸು ನೋಡಿ ಓಡಿ ಬಂದಳು. ಗದರಲಿಲ್ಲ, ಪಾಪ. ಶಾಲು ತೆಗೆದು ಮಡಿಸಿ ಅಕ್ಕನ ಕೈಗೆ ಕೊಟ್ಟು, "ಬೇಡಮ್ಮಾ, ಇವರಿಗೆ ಬಿಸಿ ಆಗಬಾರದು. ತಲೆಗೆ ತೊಂದರೆ ಆಗುತ್ತೆ," ಎಂದಳು.

ನಾಲ್ಕನೆಯ ದಿನ ಭಾವನವರು ಕಣ್ಣು ಬಿಟ್ಟರು. ಆರನೆಯ ದಿನ ಗಂಟಲಿನ ನಳಿಕೆ ತೆಗೆದಾಗ ಅವರು ಆಡಿದ ಮೊದಲನೆಯ ಮಾತು, "ಫ್ಯಾನು ಆರಿಸ್ರೋ." ಆ ಕೋಣೆಯಲ್ಲಿ ಫ್ಯಾನೇ ಇರಲಿಲ್ಲ. ನಾವೆಲ್ಲ ಅಳುತ್ತ ನಕ್ಕೆವು.

ಮನೆಗೆ ಬಂದರು, ಓಡಾಡಿದರು, ಹೋಳಿಗೆಯನ್ನೂ ತಿಂದರು. "ನನ್ನನ್ನ ಒಂದು ದಿನ ಫ್ರಿಜ್ಜಿನಲ್ಲಿ ಇಟ್ಟಿದ್ರಂತೆ. ಅದಕ್ಕೇ ಬಾಡದೆ ಉಳಿದಿದೀನಿ," ಎಂದು ಬಂದವರ ಮುಂದೆ ತಮಾಷೆ ಮಾಡುತ್ತಿದ್ದರು. ಆದರೆ ಏನೋ ಒಂದು ಹಿಂದೆಯೇ ಉಳಿದುಬಿಟ್ಟಿತ್ತು. ಜಿಲ್ಲೆಯ ಅಂಚೆ ಕಚೇರಿಗಳನ್ನೆಲ್ಲ ಪಿನ್ ಸಂಖ್ಯೆಯ ಸಮೇತ ಬಾಯಿಪಾಠ ಒಪ್ಪಿಸುತ್ತಿದ್ದವರು ಬೆಳಿಗ್ಗೆ ತಿಂಡಿ ಏನು ತಿಂದೆ ಎಂಬುದನ್ನು ಮಧ್ಯಾಹ್ನಕ್ಕೆ ಮರೆಯುತ್ತಿದ್ದರು. ಮೊಮ್ಮಕ್ಕಳ ಹೆಸರುಗಳು ಅದಲುಬದಲಾಗುತ್ತಿದ್ದುವು. ಹಳೆಯದು ಭದ್ರವಾಗಿತ್ತು, ಹೊಸದು ನಿಲ್ಲುತ್ತಿರಲಿಲ್ಲ. ಹೃದಯ ನಿಂತು ಬದುಕಿ ಬಂದವರಲ್ಲಿ ಇದು ಅಪರೂಪವಲ್ಲ ಎಂದು ಡಾಕ್ಟರು ಹೇಳಿದರು. ಸಾವಿನ ಬಾಗಿಲಿಗೆ ಹೋಗಿ ಬಂದವರು ಅಷ್ಟು ಸುಂಕ ಕೊಡದೆ ಆದೀತೆ ಎಂದು ನಾವೂ ಸಮಾಧಾನ ಮಾಡಿಕೊಂಡೆವು. ನಾವೆಂದರೆ, ಅಕ್ಕನೊಬ್ಬಳನ್ನು ಬಿಟ್ಟು.

ಹತ್ತು ವರ್ಷ ಕಳೆಯಿತು. 2022ರ ಜನವರಿಯಲ್ಲಿ ಒಂದು ರಾತ್ರಿ ನಾನು ಅವರ ಮನೆಯಲ್ಲಿ ತಂಗಿದ್ದೆ. ಚಳಿ ಹೆಚ್ಚಾಗಿತ್ತು. "ಅಕ್ಕ, ನಿನ್ನ ಆ ಬೂದುಬಣ್ಣದ ಶಾಲು ಇದ್ದರೆ ಕೊಡು," ಎಂದೆ. ಅವಳು ಉತ್ತರ ಕೊಡಲಿಲ್ಲ. ಒಂದು ಕಂಬಳಿ ತಂದುಕೊಟ್ಟು, ನನ್ನ ಕಾಲ ಬಳಿ ಕುಳಿತು, ಬಹಳ ಹೊತ್ತಾದ ಮೇಲೆ ಹೇಳಿದಳು: "ಆ ಶಾಲು ಪೆಟ್ಟಿಗೇಲಿದೆ ಕಣೋ. ನಾನು ಅದನ್ನ ಮುಟ್ಟಲ್ಲ. ಅವತ್ತು ನಾನು ಅದನ್ನ ಹೊದಿಸದೆ ಇದ್ದಿದ್ರೆ ಇವರ ನೆನಪು ಹೀಗೆ ಆಗ್ತಿರ್ಲಿಲ್ಲ. ತಲೆಗೆ ತೊಂದರೆ ಅಂತ ಆ ಹುಡುಗಿ ಅವತ್ತೇ ಹೇಳಿದ್ಲು."

ನಾನು ಎದ್ದು ಕುಳಿತೆ. ಹತ್ತು ವರ್ಷ! ಅವರು ಮೊಮ್ಮಗನನ್ನು ತಪ್ಪು ಹೆಸರಿನಿಂದ ಕರೆದಾಗಲೆಲ್ಲ, ಮಾತ್ರೆ ನುಂಗಿದ್ದನ್ನು ಮರೆತು ಮತ್ತೆ ಕೇಳಿದಾಗಲೆಲ್ಲ, ಈಕೆ ಒಳಗೆ ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು. ಅಂದು ನಾನು ತೇಲಿಸದೆ ನಾಲ್ಕು ಮಾತು ಬಿಡಿಸಿ ಹೇಳಿದ್ದರೆ ಶಾಲೂ ಇರುತ್ತಿರಲಿಲ್ಲ, ಶಾಪವೂ ಇರುತ್ತಿರಲಿಲ್ಲ. "ಹಾಗೇನೂ ಇಲ್ಲ ಅಕ್ಕ," ಎಂದೆ. ಬರಿಯ ಬಾಯುಪಚಾರವೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ನಮ್ಮ ನೆರೆಯವರ ಮಗನೊಬ್ಬ ವೈದ್ಯ. ಅವನ ಬೆನ್ನು ಹತ್ತಿದೆ. ಅವನು ಕೊಟ್ಟ ಕಾಗದಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಮನುಷ್ಯ ಈ ತಣ್ಣನೆಯ ಮೇಲೆ ಎಷ್ಟು ಕಾಲದಿಂದ ಆಸೆ ಇಟ್ಟುಕೊಂಡಿದ್ದಾನೆ ಎಂದು ಬೆರಗಾಯಿತು. 1812ರಲ್ಲಿ ನೆಪೋಲಿಯನ್ನನ ಸೈನ್ಯ ರಷ್ಯದ ಹಿಮದಲ್ಲಿ ನರಳಿದಾಗ ಅವನ ಶಸ್ತ್ರವೈದ್ಯ ಲಾರೆ ಒಂದು ವಿಚಿತ್ರವನ್ನು ಕಂಡನಂತೆ: ಬೆಂಕಿಯ ಬಳಿ ಮಲಗಿಸಿದ ಗಾಯಾಳುಗಳಿಗಿಂತ ದೂರ ಚಳಿಯಲ್ಲಿದ್ದವರೇ ಹೆಚ್ಚು ಬಾಳಿಕೊಂಡರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೃದಯ ನಿಂತು ಮತ್ತೆ ಬಡಿದವರನ್ನು ತಣ್ಣಗಿಟ್ಟು ನೋಡಿದರು. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಲೋಕಕ್ಕೆ ಕಲಿಸಿದವರಲ್ಲಿ ಒಬ್ಬರಾದ ಪೀಟರ್ ಸಫರ್, 1964ರಲ್ಲಿ, ಎಚ್ಚರಗೊಳ್ಳುವ ಲಕ್ಷಣ ಕಾಣದಿದ್ದರೆ ಅರ್ಧ ಗಂಟೆಯೊಳಗೆ ತಣ್ಣಗೆ ಮಾಡತೊಡಗಿರಿ ಎಂದು ಬರೆದರು. ಆದರೆ ಅತಿಯಾಗಿ ತಣ್ಣಗಾದ ಮೈಯಲ್ಲಿ ಹೃದಯ ತಾಳ ತಪ್ಪುವುದು, ಸೋಂಕು ತಗಲುವುದು, ಇಂಥ ತೊಡಕುಗಳು ಕಂಡು ಆ ಪದ್ಧತಿ ಮೂಲೆ ಸೇರಿತು.

ಅದು ಮೂಲೆಯಿಂದ ಎದ್ದು ಬಂದದ್ದು 2002ರಲ್ಲಿ. ಆ ವರ್ಷ ಒಟ್ಟಿಗೆ ಎರಡು ಅಧ್ಯಯನಗಳು ಪ್ರಕಟವಾದುವು. ಯುರೋಪಿನಲ್ಲಿ 275 ಮಂದಿಯ ಮೇಲೆ ನಡೆದದ್ದು ಒಂದು. ತಣ್ಣಗಿಟ್ಟವರಲ್ಲಿ ಶೇಕಡಾ 55 ಮಂದಿಯ ಮಿದುಳು ಚೆನ್ನಾಗಿ ಚೇತರಿಸಿತು. ಹಾಗೆ ಮಾಡದವರಲ್ಲಿ ಶೇಕಡಾ 39 ಮಾತ್ರ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 77 ಮಂದಿಯ ಮೇಲೆ ನಡೆದದ್ದು ಇನ್ನೊಂದು. ಅಲ್ಲಿ ಶೇಕಡಾ 49ಕ್ಕೆ ಎದುರು ಶೇಕಡಾ 26. ಲೋಕವೆಲ್ಲ ಐಸಿನ ಚೀಲಕ್ಕೆ ಕೈ ಹಾಕಿತು. ಹತ್ತು ವರ್ಷಗಳ ಮೇಲೆ ಆ ಚೀಲ ನಮ್ಮ ಭಾವನವರ ಕಂಕುಳಿಗೂ ಬಂದಿತು.

ಆದರೆ ಸಂದೇಹಪಡುವವರು ವೈದ್ಯರಲ್ಲಿಯೂ ಉಂಟು. ಅವರಿಂದಲೇ ವಿದ್ಯೆ ಬೆಳೆಯುವುದು. ಹಳೆಯ ಅಧ್ಯಯನಗಳು ಚಿಕ್ಕವು ಎಂದರು. ಯುರೋಪಿನ ಅಧ್ಯಯನದಲ್ಲಿ ತಣ್ಣಗಿಡದೆ ಬಿಟ್ಟವರಿಗೆ ಜ್ವರ ಬಾರದಂತೆ ನೋಡಿಕೊಂಡಿರಲಿಲ್ಲ ಎಂದರು. ಹಾಗಾದರೆ ಗೆದ್ದದ್ದು ಚಳಿಯೋ, ಸೋತದ್ದು ಜ್ವರವೋ? 2013ರಲ್ಲಿ ಯುರೋಪು ಮತ್ತು ಆಸ್ಟ್ರೇಲಿಯಾದ ವೈದ್ಯರು ಸುಮಾರು 940 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು 33ರಲ್ಲಿ, ಇನ್ನೊಂದನ್ನು 36ರಲ್ಲಿ ಇಟ್ಟು ನೋಡಿದರು. ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಇನ್ನೂ ದೊಡ್ಡ ಅಧ್ಯಯನ: ಹದಿನಾಲ್ಕು ದೇಶ, 1,850 ರೋಗಿಗಳು. ಅರ್ಧ ಮಂದಿಯನ್ನು 33ಕ್ಕೆ ಇಳಿಸಿದರು. ಉಳಿದವರನ್ನು ಸಹಜವಾದ ಬಿಸಿಯಲ್ಲಿಯೇ ಬಿಟ್ಟು, 37.8 ಮುಟ್ಟಿದರೆ ಕೂಡಲೇ ಇಳಿಸಿದರು. ಆರು ತಿಂಗಳ ಮೇಲೆ ನೋಡಿದರೆ ತಣ್ಣಗಿಟ್ಟವರಲ್ಲಿ ಶೇಕಡಾ 50, ಉಳಿದವರಲ್ಲಿ ಶೇಕಡಾ 48 ಮಂದಿ ತೀರಿಕೊಂಡಿದ್ದರು. ಅಂದರೆ ಚಳಿಯಿಂದ ಲಾಭವಿಲ್ಲ. ಹೃದಯದ ತಾಳ ಕೆಡುವುದು ಮಾತ್ರ ತಣ್ಣಗಿಟ್ಟವರಲ್ಲಿ ಹೆಚ್ಚಾಗಿತ್ತು.

ಮೊದಲು ನನಗೆ ಸಿಟ್ಟು ಬಂದಿತು. "ಹಾಗಾದರೆ ನಮ್ಮ ಭಾವನವರನ್ನ ಯಾತಕ್ಕಯ್ಯಾ ಐಸಿನಲ್ಲಿಟ್ಟಿರಿ?" ಎಂದು ಅವನ ಮೇಲೆ ಹಾರಿಬಿದ್ದೆ. ಅವನು ನಕ್ಕು, "ಅಂಕಲ್, 2012ರಲ್ಲಿ ನಮಗೆ ಗೊತ್ತಿದ್ದರಲ್ಲಿ ಅದೇ ಒಳ್ಳೆಯದಾಗಿತ್ತು. ಇನ್ನೊಂದು ಪುಟ ಓದಿ," ಎಂದ. ಓದಿದೆ. ಸಹಜವಾದ ಬಿಸಿಯಲ್ಲಿ ಬಿಟ್ಟವರಿದ್ದರಲ್ಲ, ಅವರನ್ನು ಸುಮ್ಮನೆ ಬಿಟ್ಟಿರಲಿಲ್ಲ. ಜ್ವರ ಏರದಂತೆ ತಡೆಯುವುದಕ್ಕೇ ಅವರಲ್ಲಿ ಅರ್ಧಕ್ಕೆ ಹತ್ತಿರ ಮಂದಿಗೆ ತಂಪು ಮಾಡುವ ಯಂತ್ರ ಬೇಕಾಗಿತ್ತು. ಮರುವರ್ಷ, ಅಂದರೆ 2022ರಲ್ಲಿ, ಯುರೋಪಿನ ವೈದ್ಯಸಂಘಗಳು ಹೊಸ ಸೂಚನೆ ಹೊರಡಿಸಿದುವು: ಎಚ್ಚರಗೊಳ್ಳದ ರೋಗಿಯ ಒಳಮೈಯ ಬಿಸಿಯನ್ನು ಬಿಡದೆ ನೋಡುತ್ತಿರಿ, ಕಡೆಯಪಕ್ಷ ಎಪ್ಪತ್ತೆರಡು ಗಂಟೆ 37.7 ದಾಟಲು ಬಿಡಬೇಡಿ. ಕೆಲವು ಬಗೆಯ ರೋಗಿಗಳಿಗೆ ಚಳಿಯಿಂದ ಉಪಕಾರವಾದೀತು ಎನ್ನುವವರು ಇನ್ನೂ ಇದ್ದಾರೆ; 2019ರ ಫ್ರಾನ್ಸಿನ ಅಧ್ಯಯನವೊಂದು ಅವರ ಪರವಾಗಿದೆ. ಆ ವಾದ ಅವರಿಗಿರಲಿ. ಜ್ವರವನ್ನು ತಡೆಯಬೇಕೆಂಬುದರಲ್ಲಿ ಅವರೂ ಇವರೂ ಒಂದೇ.

ಹಾಗೆ ನೋಡಿದರೆ ಕೆಲಸ ಸುಲಭವಾಗಲಿಲ್ಲ. ಐಸಿನ ಚೀಲವಿಡುವುದರಲ್ಲಿ ಒಂದು ಸಾಹಸವಿದೆ, ಬಂಧುಗಳಿಗೆ ಹೇಳಿಕೊಳ್ಳುವುದಕ್ಕೆ ಒಂದು ಕಥೆಯಿದೆ. ಮೂರು ಹಗಲು ಮೂರು ರಾತ್ರಿ ಒಂದು ಅಂಕಿಯ ಮೇಲೆ ಕಣ್ಣಿಟ್ಟು ಕುಳಿತಿರುವುದರಲ್ಲಿ ಕಥೆ ಎಲ್ಲಿದೆ? ಆದರೆ ಕೊನೆಗೆ ಉಳಿದದ್ದು ಅದು. ಮೈ ಕಾಯದ ಹಾಗೆ ಕಾಯುವುದು. ಅಂದು ಆ ನರ್ಸು ಮಾಡುತ್ತಿದ್ದ ಕೆಲಸ.

ಮರುದಿನವೇ ಅಕ್ಕನ ಮನೆಗೆ ಹೋದೆ. ಅವಳು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಎದುರಿಗೆ ಕುಳಿತು, ಹತ್ತು ವರ್ಷದ ಹಿಂದೆ ಹೇಳಬೇಕಾಗಿದ್ದುದನ್ನೆಲ್ಲ ಹೇಳಿದೆ. ಒಬ್ಬ ಮನುಷ್ಯನ ವಿಷಯದಲ್ಲಿ ಯಾವ ಅಧ್ಯಯನವೂ ಸಾಕ್ಷಿ ಹೇಳಲಾರದು, ಅದನ್ನೂ ಮುಚ್ಚಿಡಲಿಲ್ಲ. "ಆದರೆ ಕೇಳು ಅಕ್ಕ. ಶಾಲಿಗೆ ತನ್ನದೇ ಬಿಸಿ ಅನ್ನೋದಿಲ್ಲ. ಒಳಗಿದ್ದ ಬಿಸೀನ ಹೊರಗೆ ಹೋಗದ ಹಾಗೆ ತಡೆಯುತ್ತೆ, ಅಷ್ಟೆ. ಅವರ ಮೈಯೇ ತಣ್ಣಗಿತ್ತು, ಸುತ್ತ ತಣ್ಣೀರು ಹರೀತಾ ಇತ್ತು. ಐದು ನಿಮಿಷದಲ್ಲಿ ನಿನ್ನ ಶಾಲು ಏನು ಮಾಡುತ್ತೆ? ಮೇಲಾಗಿ, ಮೂವತ್ತಮೂರರಲ್ಲಿ ಇಟ್ಟವರಿಗೂ ಸಹಜವಾಗಿ ಇಟ್ಟವರಿಗೂ ವ್ಯತ್ಯಾಸವೇ ಇಲ್ಲ ಅಂತ ಸಾವಿರಾರು ಜನರನ್ನ ನೋಡಿ ಹೇಳಿದಾರೆ. ನೆನಪು ಹೋದದ್ದು ಛತ್ರದಲ್ಲಿ, ಆ ಹತ್ತು ನಿಮಿಷದಲ್ಲಿ. ನಿನ್ನ ಶಾಲಿನಿಂದ ಅಲ್ಲ."

ಅಕ್ಕ ನಾರು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅಂದರೆ ಶಾಲು ಕೆಡಿಸಲಿಲ್ಲ, ಐಸೂ ಉಳಿಸಲಿಲ್ಲ. ಮತ್ತೆ ಇವರನ್ನ ಉಳಿಸಿದ್ದು ಯಾರೋ?" ಎಂದಳು.

"ಎದೆ ಒತ್ತಿದ ಆ ಹುಡುಗಿ. ಆಮೇಲೆ ಕರೆಂಟು ಕೊಟ್ಟವರು. ಆಮೇಲೆ ರಾತ್ರಿಯೆಲ್ಲ ಎಚ್ಚರವಾಗಿದ್ದು ಕಾದವರು."

"ನಾನೂ ಕಾದೆ," ಎಂದಳು ಅಕ್ಕ. ಹೌದು, ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಆರು ರಾತ್ರಿ.

ಮಧ್ಯಾಹ್ನ ಹಿತ್ತಲಿನ ತಂತಿಯ ಮೇಲೆ ಬೂದುಬಣ್ಣದ ಶಾಲು ಬಿಸಿಲು ಕಾಯಿಸಿಕೊಳ್ಳುತ್ತಿದ್ದುದನ್ನು ಕಂಡೆ. ನುಸಿಗುಳಿಗೆಯ ವಾಸನೆ ಅಂಗಳದವರೆಗೂ ಬರುತ್ತಿತ್ತು. ಸಂಜೆ ಭಾವನವರು ಪಡಸಾಲೆಯ ಕುರ್ಚಿಯಲ್ಲಿ ಕುಳಿತಿದ್ದಾಗ ಅಕ್ಕ ಅದನ್ನು ತಂದು ಅವರ ಹೆಗಲಿಗೆ ಹೊದಿಸಿ, ಅಂಚುಗಳನ್ನು ಒತ್ತರಿಸಿದಳು. ಭಾವನವರು ಅವಳನ್ನೂ ಶಾಲನ್ನೂ ನನ್ನನ್ನೂ ಒಮ್ಮೆ ನೋಡಿದರು. ಅವರಿಗೇನೂ ನೆನಪಾಗಲಿಲ್ಲ.

"ತೆಗಿಯೇ ಇದನ್ನ," ಎಂದರು. "ಮೈ ಕಾಯುತ್ತೆ."

"ಕಾಯಲಿ, ಇರಿ," ಎಂದಳು ಅಕ್ಕ.